ಎರಡು ಊರುಗಳಲ್ಲಿ ಒಂದು ವಿನಿಮಯ ಕೇಂದ್ರ: ಐ.ಪಿ. ದೂರವಾಣಿಗೆ ಬದಲಾಗುವಾಗ ವಹಿಸಬೇಕಾದ ಎಚ್ಚರ

ವಾಣಿಜ್ಯ ವ್ಯವಹಾರದಲ್ಲಿ ದೂರವಾಣಿಯ ಪಾತ್ರವನ್ನು ಪ್ರತ್ಯೇಕವಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಮಾರುಕಟ್ಟೆಯ ಧಾರಣೆ ತಿಳಿಯುವುದು, ಸರಕಿನ ಬೇಡಿಕೆ ಸ್ವೀಕರಿಸುವುದು, ಲಾರಿ ಗೊತ್ತುಪಡಿಸುವುದು, ಬಾಕಿ ವಸೂಲಿಗೆ ನೆನಪಿಸುವುದು ಇವೆಲ್ಲವೂ ಮಾತಿನ ಮೂಲಕವೇ ನಡೆಯುತ್ತವೆ. ಆದರೆ ಈ ಮಾತನ್ನು ಸಾಗಿಸುವ ವಿನಿಮಯ ಕೇಂದ್ರ ಎಲ್ಲಿದೆ, ಅದು ನಿಂತರೆ ಬದಲಿ ವ್ಯವಸ್ಥೆ ಏನು ಎಂಬುದನ್ನು ಯೋಚಿಸುವ ವರ್ತಕರು ವಿರಳ. ಹಳೆಯ ಮಾದರಿಯ ವಿನಿಮಯ ಕೇಂದ್ರಗಳು ಲೋಕದಾದ್ಯಂತ ಇಂಟರ್‌ನೆಟ್ ಪ್ರೋಟೋಕಾಲ್, ಅಂದರೆ ಐ.ಪಿ. ತಂತ್ರಜ್ಞಾನಕ್ಕೆ ಸ್ಥಾನ ಬಿಟ್ಟುಕೊಡುತ್ತಿರುವ ಈ ಸಂಧಿಕಾಲದಲ್ಲಿ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಬದಲಾವಣೆ ಸರಿಯಾಗಿ ನಡೆದರೆ ಹಿಂದೆಂದೂ ಇಲ್ಲದಷ್ಟು ಭದ್ರತೆ ಕಡಿಮೆ ವೆಚ್ಚದಲ್ಲಿ ದೊರೆಯುತ್ತದೆ. ಅವಸರದಲ್ಲಿ ನಡೆದರೆ ಇದ್ದ ಭದ್ರತೆಯೂ ಕೈತಪ್ಪುತ್ತದೆ.

ಒಂದೇ ಕಟ್ಟಡವನ್ನು ನಂಬಿದ್ದರ ಫಲ

ಅಮೆರಿಕದ ಶಿಕಾಗೋ ನಗರದ ಹೊರವಲಯದಲ್ಲಿ ಹಿನ್ಸ್‌ಡೇಲ್ ಎಂಬ ಊರಿದೆ. 1988ರ ಮೇ 8, ಭಾನುವಾರ. ಆ ದೇಶದಲ್ಲಿ ಅಂದು ತಾಯಂದಿರ ದಿನ, ವರ್ಷದಲ್ಲೇ ಅತಿ ಹೆಚ್ಚು ಕರೆಗಳು ಹರಿಯುವ ದಿನಗಳಲ್ಲೊಂದು. ಅಲ್ಲಿನ ಇಲಿನಾಯ್ ಬೆಲ್ ಕಂಪನಿಯ ವಿನಿಮಯ ಕೇಂದ್ರದಲ್ಲಿ ಸಂಜೆಯ ಹೊತ್ತಿಗೆ ಬೆಂಕಿ ಕಾಣಿಸಿಕೊಂಡಿತು. ರಜಾದಿನವಾದುದರಿಂದ ಕಟ್ಟಡದಲ್ಲಿ ಸಿಬ್ಬಂದಿ ಇರಲಿಲ್ಲ. ಎಚ್ಚರಿಕೆಯ ಸಂಜ್ಞೆ ತಲುಪಿದ್ದು ದೂರದ ಸ್ಪ್ರಿಂಗ್‌ಫೀಲ್ಡ್ ನಗರದ ಮೇಲ್ವಿಚಾರಣಾ ಕೇಂದ್ರಕ್ಕೆ. ಬೆಂಕಿಯನ್ನು ತಾನಾಗಿಯೇ ನಂದಿಸುವ ಉಪಕರಣವೂ ಅಲ್ಲಿರಲಿಲ್ಲ.

ಪರಿಣಾಮವಾಗಿ ಸುಮಾರು 35,000 ಸ್ಥಳೀಯ ಚಂದಾದಾರರ ದೂರವಾಣಿಗಳು ಮೂಕವಾದವು. ಆದರೆ ನಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಹಿನ್ಸ್‌ಡೇಲ್ ಕೇವಲ ಸ್ಥಳೀಯ ಕೇಂದ್ರವಾಗಿರದೆ, ಸುತ್ತಲಿನ ಊರುಗಳ ಕರೆಗಳು ಹಾದುಹೋಗುವ ಸಂಗಮ ಸ್ಥಾನವೂ ಆಗಿತ್ತು. ಹೀಗಾಗಿ ಸ್ವಂತ ಕೇಂದ್ರ ಸುಸ್ಥಿತಿಯಲ್ಲಿದ್ದ ಊರುಗಳ ದೂರ ಕರೆಗಳೂ ಕಡಿದುಹೋದವು. ಶಿಕಾಗೋ ವಿಮಾನ ನಿಲ್ದಾಣಗಳ ಸಂಪರ್ಕಕ್ಕೂ ಅಡ್ಡಿಯಾಯಿತು. ಸುಟ್ಟ ಕೇಂದ್ರದ ಸ್ಥಾನದಲ್ಲಿ ಹೊಸದನ್ನು ನಿಲ್ಲಿಸಿ ಸೇವೆಯನ್ನು ಸಂಪೂರ್ಣವಾಗಿ ಮರಳಿಸಲು ವಾರಗಳೇ ಹಿಡಿದವು. ಬೇಡಿಕೆಗಳನ್ನು ಫೋನಿನಲ್ಲೇ ಪಡೆಯುತ್ತಿದ್ದ ಸಣ್ಣ ಅಂಗಡಿಗಳಿಗೂ ಸೇವಾ ಉದ್ಯಮಗಳಿಗೂ ಆ ವಾರಗಳು ಬಾಗಿಲು ಮುಚ್ಚಿದ್ದಕ್ಕೆ ಸಮನಾದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ವಿನಿಮಯ ಕೇಂದ್ರಗಳಲ್ಲಿ ಮೀಸಲು ವ್ಯವಸ್ಥೆಗೆ ಕೊರತೆ ಇರಲಿಲ್ಲ. ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರವೊಂದು 40 ವರ್ಷಗಳಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಕಾಲ ನಿಲ್ಲಬಾರದು ಎಂಬುದು ಬೆಲ್ ಸಂಸ್ಥೆಗಳ ವಿನ್ಯಾಸಕಾರರು ಇಟ್ಟುಕೊಂಡಿದ್ದ ಗುರಿ. ಅಂದರೆ ವರ್ಷಕ್ಕೆ ಸರಾಸರಿ 3 ನಿಮಿಷ. ಅದಕ್ಕಾಗಿ ನಿಯಂತ್ರಣ ಯಂತ್ರಗಳನ್ನು ಜೋಡಿಯಾಗಿ ಇರಿಸಲಾಗುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಕ್ಷಣದಲ್ಲಿ ಹೊಣೆ ಹೊರುತ್ತಿತ್ತು. ಆದರೆ ಆ ಜೋಡಿ ಇದ್ದದ್ದು ಒಂದೇ ಸೂರಿನಡಿ. ಬಿಡಿಭಾಗ ಕೆಟ್ಟರೆ ಜೋಡಿ ಕಾಪಾಡುತ್ತದೆ. ಕಟ್ಟಡವೇ ಹೊತ್ತಿಕೊಂಡರೆ ಜೋಡಿಯ ಎರಡೂ ಭಾಗಗಳು ಸುಡುತ್ತವೆ. ಲೆಕ್ಕದ ಪುಸ್ತಕವನ್ನೂ ಅದರ ನಕಲು ಪ್ರತಿಯನ್ನೂ ಒಂದೇ ಕಪಾಟಿನಲ್ಲಿಟ್ಟು ಬೀಗ ಹಾಕಿದಂತೆ.

ಎರಡು ಸ್ಥಳಗಳಿದ್ದರೂ ಸಾಲದು

ಹಾಗಾದರೆ ಎರಡು ಊರುಗಳಲ್ಲಿ ಕೇಂದ್ರ ಇರಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ ಎಂಬುದನ್ನು ಎರಡು ವರ್ಷಗಳೊಳಗೆ ಇನ್ನೊಂದು ಘಟನೆ ತೋರಿಸಿಕೊಟ್ಟಿತು. 1990ರ ಜನವರಿ 15ರಂದು ಎ.ಟಿ. ಅಂಡ್ ಟಿ. ಕಂಪನಿಯ ದೂರ ಕರೆ ಜಾಲ ಸುಮಾರು 9 ಗಂಟೆಗಳ ಕಾಲ ಕುಸಿಯಿತು. ಅಮೆರಿಕದಾದ್ಯಂತ ಹರಡಿದ್ದ 114 ಬೃಹತ್ ವಿನಿಮಯ ಕೇಂದ್ರಗಳ ಜಾಲವದು. ಬೆಂಕಿ ಬಿದ್ದಿರಲಿಲ್ಲ, ತಂತಿ ಕಡಿದಿರಲಿಲ್ಲ.

ನ್ಯೂಯಾರ್ಕಿನ ಒಂದು ಕೇಂದ್ರ ಸಣ್ಣ ದೋಷದಿಂದಾಗಿ ಕೆಲ ಕ್ಷಣ ನಿಂತು, ಚೇತರಿಸಿಕೊಂಡು, "ಮತ್ತೆ ಕರೆ ಸ್ವೀಕರಿಸುತ್ತಿದ್ದೇನೆ" ಎಂಬ ಸಂಜ್ಞೆಯನ್ನು ನೆರೆಯ ಕೇಂದ್ರಗಳಿಗೆ ಕಳುಹಿಸಿತು. ಕೆಲವೇ ವಾರಗಳ ಹಿಂದೆ ಎಲ್ಲ ಕೇಂದ್ರಗಳಲ್ಲೂ ಅಳವಡಿಸಿದ್ದ ಹೊಸ ತಂತ್ರಾಂಶದಲ್ಲಿ ಒಂದು ಸಣ್ಣ ತಪ್ಪಿತ್ತು. ಸಂಜ್ಞೆಗಳು ಒಂದರ ಬೆನ್ನಿಗೆ ಒಂದು ಬಂದಾಗ ಸ್ವೀಕರಿಸುವ ಕೇಂದ್ರವೂ ಗೊಂದಲಕ್ಕೆ ಬಿದ್ದು ನಿಲ್ಲುತ್ತಿತ್ತು. ಚೇತರಿಸಿಕೊಂಡು ಅದೂ ಅದೇ ಸಂಜ್ಞೆ ಕಳುಹಿಸುತ್ತಿತ್ತು. ಪ್ರತಿ ಕೇಂದ್ರದ ಮೀಸಲು ಯಂತ್ರದಲ್ಲೂ ಅದೇ ತಂತ್ರಾಂಶ, ಅದೇ ತಪ್ಪು. ಕಂಪನಿಗೆ ಕರೆಗಳ ಆದಾಯದಲ್ಲಿ 6 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಅಂದಾಜಾಯಿತು.

ಮೂರನೆಯ ಪಾಠ 2001ರ ಸೆಪ್ಟೆಂಬರ್ 11ರಂದು ಬಂದಿತು. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಪಕ್ಕದಲ್ಲಿದ್ದ ವೆರಿಝಾನ್ ಕಂಪನಿಯ ವಿನಿಮಯ ಕೇಂದ್ರದ ಕಟ್ಟಡ ತೀವ್ರ ಹಾನಿಗೊಳಗಾಯಿತು. ಮುಂಜಾಗ್ರತೆಯಿಂದ ಎರಡು ಬೇರೆ ಬೇರೆ ಕಂಪನಿಗಳಿಂದ ಸಂಪರ್ಕ ಪಡೆದಿದ್ದ ಹಲವು ಸಂಸ್ಥೆಗಳು, ಆ ಎರಡೂ ಕಂಪನಿಗಳ ತಂತಿಗಳು ಒಂದೇ ಕಟ್ಟಡದ ಮೂಲಕ ಹಾದು ಬರುತ್ತಿದ್ದವೆಂಬುದನ್ನು ಅಂದೇ ಅರಿತವು. ನ್ಯೂಯಾರ್ಕ್ ಷೇರುಪೇಟೆ ಮತ್ತೆ ತೆರೆದದ್ದು ಸೆಪ್ಟೆಂಬರ್ 17ರಂದು. ಬಿಲ್ಲುಗಳು ಎರಡು ಕಂಪನಿಗಳಿಂದ ಬರುತ್ತವೆ ಎಂಬ ಮಾತ್ರಕ್ಕೆ ಹಾದಿಗಳು ಎರಡಾಗುವುದಿಲ್ಲ.

ಅಂಕಿಗಳ ಭಾಷೆಯಲ್ಲಿ

ಈ ಪಾಠಗಳನ್ನು ಲೆಕ್ಕದ ರೂಪದಲ್ಲಿ ನೋಡುವುದು ಉಪಯುಕ್ತ. ವರ್ಷದಲ್ಲಿ 8,760 ಗಂಟೆಗಳಿವೆ. ಯಾವುದೇ ವ್ಯವಸ್ಥೆ ಶೇ. 99.9ರಷ್ಟು ಕಾಲ ಲಭ್ಯವಿದೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಅದು ನಿಂತಿರುತ್ತದೆ ಎಂದರ್ಥ. ದೂರವಾಣಿ ಕ್ಷೇತ್ರ ಹೆಮ್ಮೆಯಿಂದ ಹೇಳಿಕೊಳ್ಳುವ "ಐದು ಒಂಬತ್ತು", ಅಂದರೆ ಶೇ. 99.999, ಎಂದರೆ ವರ್ಷಕ್ಕೆ ಸುಮಾರು 5 ನಿಮಿಷ 15 ಸೆಕೆಂಡು.

ಶೇ. 99.9ರ ಎರಡು ಸಾಧಾರಣ ಕೇಂದ್ರಗಳನ್ನು ಪರಸ್ಪರ ಬದಲಿಯಾಗಿ ಇರಿಸಿದರೆ, ಎರಡೂ ಏಕಕಾಲದಲ್ಲಿ ನಿಲ್ಲುವ ಸಂಭವ ಸಾವಿರದಲ್ಲೊಂದರ ಸಾವಿರದಲ್ಲೊಂದು. ವರ್ಷಕ್ಕೆ ಸುಮಾರು 32 ಸೆಕೆಂಡು ಮಾತ್ರ. ಅತ್ಯಂತ ದುಬಾರಿಯಾದ ಒಂದು ಯಂತ್ರಕ್ಕಿಂತ ಸಾಧಾರಣವಾದ ಎರಡು ಯಂತ್ರಗಳು ಮೇಲು ಎಂಬ ವಾದಕ್ಕೆ ಇದೇ ಆಧಾರ.

ಆದರೆ ಈ ಗುಣಾಕಾರ ಸರಿಯಾಗುವುದು ಎರಡೂ ಕೇಂದ್ರಗಳ ವೈಫಲ್ಯಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದಾಗ ಮಾತ್ರ. ಒಂದೇ ವಿದ್ಯುತ್ ಮೂಲ, ಒಂದೇ ಕೇಬಲ್ ಕಾಲುವೆ, ಒಂದೇ ತಂತ್ರಾಂಶ ಇಂತಹ ಸಮಾನ ಕಾರಣವೊಂದು 10 ವರ್ಷಕ್ಕೊಮ್ಮೆ ಎರಡನ್ನೂ 10 ಗಂಟೆ ನಿಲ್ಲಿಸುತ್ತದೆ ಎಂದಿಟ್ಟುಕೊಂಡರೆ, ಸರಾಸರಿ ನಿಲುಗಡೆ ವರ್ಷಕ್ಕೆ 60 ನಿಮಿಷಕ್ಕೆ ಏರುತ್ತದೆ. ಕಾಗದದ ಮೇಲಿನ 32 ಸೆಕೆಂಡಿಗಿಂತ ಇದು ನೂರು ಪಟ್ಟಿಗೂ ಹೆಚ್ಚು. ಆದುದರಿಂದ ಮೀಸಲು ವ್ಯವಸ್ಥೆಯ ಬೆಲೆ ಇರುವುದು ಯಂತ್ರಗಳ ಸಂಖ್ಯೆಯಲ್ಲಲ್ಲ, ಅವುಗಳ ಪರಸ್ಪರ ಸ್ವಾತಂತ್ರ್ಯದಲ್ಲಿ.

ಐ.ಪಿ. ತಂದ ಬದಲಾವಣೆ

ಹಳೆಯ ವಿನಿಮಯ ಕೇಂದ್ರದಲ್ಲಿ ಎರಡು ಕೆಲಸಗಳು ಒಂದೇ ಯಂತ್ರದೊಳಗೆ ನಡೆಯುತ್ತಿದ್ದವು. ಯಾರ ಕರೆ ಯಾರಿಗೆ ಹೋಗಬೇಕೆಂದು ನಿರ್ಧರಿಸುವುದು ಒಂದು. ಮಾತಿನ ಧ್ವನಿಯನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಜೋಡಿಸುವುದು ಇನ್ನೊಂದು. ಐ.ಪಿ. ವ್ಯವಸ್ಥೆಯಲ್ಲಿ ಇವೆರಡೂ ಬೇರ್ಪಟ್ಟಿವೆ. ನಿರ್ಧಾರ ಕೈಗೊಳ್ಳುವುದು ಸಾಫ್ಟ್‌ಸ್ವಿಚ್ ಎಂಬ ಗಣಕಯಂತ್ರ. ಧ್ವನಿಯನ್ನು ಸಾಗಿಸುವುದು ಅಲ್ಲಲ್ಲಿ ಹರಡಿರುವ ಮೀಡಿಯಾ ಗೇಟ್‌ವೇಗಳು. ಪ್ರಧಾನ ಕಛೇರಿಯೂ ಶಾಖೆಗಳೂ ಇದ್ದಂತೆ.

ಈ ವಿಭಜನೆಯಿಂದ ಪ್ರಧಾನ ಕಛೇರಿಯ ಎರಡು ಪ್ರತಿಗಳನ್ನು ನೂರಾರು ಕಿಲೋಮೀಟರ್ ಅಂತರದಲ್ಲಿ ಇರಿಸುವುದು ಸಾಧ್ಯವಾಗಿದೆ. ಗಾಜಿನ ತಂತುವಿನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೋಸೆಕೆಂಡು ಸಾಕು. ಬೆಂಗಳೂರು ಮತ್ತು ಹುಬ್ಬಳ್ಳಿಯ ನಡುವೆ 400 ಕಿಲೋಮೀಟರ್ ಕೇಬಲ್ ಹಾದಿ ಇದೆಯೆಂದು ಭಾವಿಸಿದರೆ ಒಂದು ದಿಕ್ಕಿನ ಪಯಣಕ್ಕೆ 2 ಮಿಲಿಸೆಕೆಂಡು. ಸಂಭಾಷಣೆಗೆ ಕಿರಿಕಿರಿಯಾಗದಂತೆ ಒಂದು ದಿಕ್ಕಿನ ಒಟ್ಟು ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂಬ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಮುಂದೆ ಇದು ಅತ್ಯಲ್ಪ.

ಭೌಗೋಳಿಕವಾಗಿ ವಿಂಗಡಿಸಿದ ಇಂತಹ ವ್ಯವಸ್ಥೆಯ ವಿನ್ಯಾಸದಲ್ಲಿ ನಾಲ್ಕು ಅಂಶಗಳು ನಿರ್ಣಾಯಕವಾಗುತ್ತವೆ.

1. ಹೊರೆಯ ಮಿತಿ: ಒಂದು ಕೇಂದ್ರ ಬಿದ್ದಾಗ ಇನ್ನೊಂದು ಇಡೀ ಹೊರೆಯನ್ನು ಹೊರಬೇಕು. ಹಳೆಯ ದೂರವಾಣಿ ಜಾಲದ ಸಂಜ್ಞಾ ಕೇಂದ್ರಗಳನ್ನು ದೂರ ದೂರದ ಜೋಡಿಗಳಾಗಿ ಸ್ಥಾಪಿಸಿ, ಪ್ರತಿಯೊಂದಕ್ಕೂ ಸಾಮಾನ್ಯ ಕಾಲದಲ್ಲಿ ಶೇ. 40ಕ್ಕಿಂತ ಹೆಚ್ಚು ಹೊರೆ ಹಾಕದಿರುವ ಪದ್ಧತಿ ಇತ್ತು. ಒಂದು ನಿಂತರೆ ಇನ್ನೊಂದರ ಹೊರೆ ಶೇ. 80 ಆಗುತ್ತದೆಯೇ ಹೊರತು ಮಿತಿ ಮೀರುವುದಿಲ್ಲ. ಖಾಲಿ ಉಳಿದ ಸಾಮರ್ಥ್ಯವನ್ನು "ವ್ಯರ್ಥ ಬಂಡವಾಳ" ಎಂದು ಎಣಿಸಿ ಅದರ ಮೇಲೂ ಗ್ರಾಹಕರನ್ನು ಸೇರಿಸಿದ ದಿನವೇ ಮೀಸಲು ವ್ಯವಸ್ಥೆ ಇಲ್ಲವಾಗುತ್ತದೆ.

2. ಇಬ್ಬರು ಯಜಮಾನರ ಸಮಸ್ಯೆ: ಎರಡೂ ಕೇಂದ್ರಗಳು ಸುಸ್ಥಿತಿಯಲ್ಲಿದ್ದು, ನಡುವಿನ ಸಂಪರ್ಕ ಮಾತ್ರ ಕಡಿದರೆ, ಪ್ರತಿಯೊಂದೂ ಇನ್ನೊಂದು ಸತ್ತಿದೆಯೆಂದು ಭಾವಿಸಿ ತಾನೇ ಯಜಮಾನನೆಂದು ವರ್ತಿಸತೊಡಗುತ್ತದೆ. ದಾಖಲೆಗಳು ಎರಡು ಬಗೆಯಾಗುತ್ತವೆ, ಕರೆಗಳು ದಾರಿ ತಪ್ಪುತ್ತವೆ. ಇದನ್ನು ತಡೆಯಲು ಮೂರನೆಯ ಸ್ಥಳದಲ್ಲಿ ಸಾಕ್ಷಿಯಂತಿರುವ ಸಣ್ಣ ಯಂತ್ರವೊಂದನ್ನು ಇರಿಸಿ, ಅದರ ಒಪ್ಪಿಗೆ ಪಡೆದ ಕೇಂದ್ರವೇ ಮುಂದುವರಿಯುವಂತೆ ಮಾಡಲಾಗುತ್ತದೆ. ಇಬ್ಬರೇ ಪಾಲುದಾರರಿರುವ ಸಂಸ್ಥೆಗೆ ಪಂಚಾಯ್ತಿದಾರರೊಬ್ಬರು ಬೇಕಾಗುವಂತೆ.

3. ಮರುನೋಂದಣಿಯ ನೂಕುನುಗ್ಗಲು: ಐ.ಪಿ. ಫೋನುಗಳು ಆಗಾಗ್ಗೆ ಕೇಂದ್ರದಲ್ಲಿ ತಮ್ಮ ಹಾಜರಿ ನೋಂದಾಯಿಸಬೇಕು. ಒಂದು ಕೇಂದ್ರ ಬಿದ್ದೊಡನೆ ಲಕ್ಷಾಂತರ ಫೋನುಗಳು ಒಂದೇ ನಿಮಿಷದಲ್ಲಿ ಇನ್ನೊಂದರ ಬಾಗಿಲು ತಟ್ಟಿದರೆ, ಆರೋಗ್ಯವಾಗಿದ್ದ ಎರಡನೆಯ ಕೇಂದ್ರವೂ ಕುಸಿಯಬಹುದು. ಆದುದರಿಂದ ಫೋನುಗಳು ಭಿನ್ನ ಭಿನ್ನ ಕಾಲಾವಧಿ ಕಾಯ್ದು ಸರದಿಯಲ್ಲಿ ಬರುವಂತೆ ಮುಂಚಿತವಾಗಿಯೇ ನಿಯಮಿಸಬೇಕು.

4. ತಂತ್ರಾಂಶದ ಅಂತರ: 1990ರ ಪಾಠದಂತೆ, ಹೊಸ ತಂತ್ರಾಂಶವನ್ನು ಎರಡೂ ಕೇಂದ್ರಗಳಲ್ಲಿ ಒಂದೇ ರಾತ್ರಿ ಅಳವಡಿಸಬಾರದು. ಒಂದರಲ್ಲಿ ಅಳವಡಿಸಿ, ಕೆಲವು ದಿನ ನಿಜವಾದ ದಟ್ಟಣೆಯಲ್ಲಿ ಪರೀಕ್ಷಿಸಿ, ಬಳಿಕ ಇನ್ನೊಂದಕ್ಕೆ ಕೈ ಹಾಕಬೇಕು.

ಸಂಧಿಕಾಲದ ಅಪಾಯ

ಅತಿ ಹೆಚ್ಚಿನ ಅಪಾಯ ಇರುವುದು ಹಳೆಯ ಮತ್ತು ಹೊಸ ಜಾಲಗಳು ಜೊತೆಯಾಗಿ ನಡೆಯುವ ಅವಧಿಯಲ್ಲಿ. ಹೊಸ ಜಾಲದಲ್ಲಿರುವ ಗ್ರಾಹಕ ಹಳೆಯ ಜಾಲದಲ್ಲಿರುವವನೊಂದಿಗೆ ಮಾತನಾಡಬೇಕಾದರೆ ಕರೆಯು ಎರಡು ಭಾಷೆಗಳ ನಡುವಿನ ದುಭಾಷಿ ಯಂತ್ರಗಳನ್ನು ದಾಟಬೇಕು. ಹೊಸ ಕೇಂದ್ರಗಳು ಎರಡು ಊರುಗಳಲ್ಲಿದ್ದು, ದುಭಾಷಿ ಯಂತ್ರ ಮಾತ್ರ ಒಂದೇ ಕೊಠಡಿಯಲ್ಲಿ ಇದ್ದರೆ ಹಿನ್ಸ್‌ಡೇಲ್ ಮತ್ತೆ ಹುಟ್ಟಿದಂತೆಯೇ. "ಕೆಲವೇ ತಿಂಗಳ ಮಾತು" ಎಂದು ಇಂತಹ ತಾತ್ಕಾಲಿಕ ಜೋಡಣೆಗಳಿಗೆ ಮೀಸಲು ಒದಗಿಸದಿರುವ ಪ್ರಲೋಭನೆ ಸಹಜ. ಆದರೆ ತಾತ್ಕಾಲಿಕವೆನಿಸಿದ್ದು ವರ್ಷಗಟ್ಟಲೆ ಉಳಿಯುವುದು ಎಲ್ಲ ಉದ್ಯಮಗಳ ಅನುಭವ.

ಕೈಬರಹದ ಖಾತೆಗಳಿಂದ ಗಣಕಯಂತ್ರಕ್ಕೆ ಬದಲಾದ ಕಾಲವನ್ನು ವರ್ತಕರು ನೆನಪಿಸಿಕೊಳ್ಳಬಹುದು. ವಿವೇಕಿಗಳು ಕೆಲವು ತಿಂಗಳ ಕಾಲ ಎರಡೂ ಲೆಕ್ಕಗಳನ್ನು ಬರೆದು, ತಾಳೆ ಬಿದ್ದ ನಂತರವೇ ಹಳೆಯದನ್ನು ನಿಲ್ಲಿಸಿದರು. ವಿನಿಮಯ ಕೇಂದ್ರಗಳಿಗೂ ನಿಯಮ ಅದೇ. ಮೊದಲು ಊರುಗಳ ನಡುವಿನ ಕರೆಗಳು, ನಂತರ ಸಣ್ಣ ಸಣ್ಣ ತಂಡಗಳಾಗಿ ಚಂದಾದಾರರು. ಪ್ರತಿ ಹಂತದಲ್ಲೂ ಹಿಂದಕ್ಕೆ ಮರಳುವ ದಾರಿ ತೆರೆದಿರಬೇಕು. ಹೊಸ ಮೀಸಲು ಕೇಂದ್ರದ ಪರೀಕ್ಷೆಯಾಗುವ ಮೊದಲೇ ಹಳೆಯ ಯಂತ್ರವನ್ನು ಗುಜರಿಗೆ ಹಾಕಬಾರದು. ಪರೀಕ್ಷೆ ಎಂದರೆ ವರದಿಯನ್ನು ಓದುವುದಲ್ಲ. ನಡೆಯುತ್ತಿರುವ ಕೇಂದ್ರವನ್ನು ಗೊತ್ತುಪಡಿಸಿದ ಸಮಯದಲ್ಲಿ ಬೇಕೆಂದೇ ನಿಲ್ಲಿಸಿ ನೋಡುವುದು.

ಜಪಾನಿನ ಎನ್.ಟಿ.ಟಿ. ಸಂಸ್ಥೆಗಳು ತಮ್ಮ ಸ್ಥಿರ ದೂರವಾಣಿ ಜಾಲವನ್ನು 2024ರ ಜನವರಿಯಿಂದ 2025ರ ಜನವರಿಯವರೆಗೆ ಹಂತಹಂತವಾಗಿ ಐ.ಪಿ.ಗೆ ಬದಲಾಯಿಸಿದವು. ಮನೆ ಅಂಗಡಿಗಳ ತಾಮ್ರದ ತಂತಿಯನ್ನೂ ಫೋನನ್ನೂ ಹಾಗೆಯೇ ಉಳಿಸಿಕೊಂಡು, ಹಿಂದಿನ ಜಾಲವನ್ನಷ್ಟೇ ಬದಲಿಸಲಾಯಿತು. ವಿವಿಧ ದೂರವಾಣಿ ಕಂಪನಿಗಳ ಜಾಲಗಳು ಪರಸ್ಪರ ಸೇರುವ ಸ್ಥಾನಗಳನ್ನು ಟೋಕಿಯೋ ಮತ್ತು ಒಸಾಕಾ ಎಂಬ ಎರಡು ದೂರದ ನಗರಗಳಲ್ಲಿ ಇರಿಸಲಾಯಿತು. ಭೂಕಂಪದ ನಾಡಿನಲ್ಲಿ ಈ ಆಯ್ಕೆಯ ಅರ್ಥ ಸ್ಪಷ್ಟ. ಬ್ರಿಟನ್ನಿನಲ್ಲಿ ಬಿ.ಟಿ. ಕಂಪನಿ ಹಳೆಯ ಜಾಲವನ್ನು 2025ರ ಡಿಸೆಂಬರಿನಲ್ಲಿ ನಿಲ್ಲಿಸುವ ಗಡುವನ್ನು 2024ರಲ್ಲಿ ಪರಿಷ್ಕರಿಸಿ 2027ರ ಜನವರಿ 31ಕ್ಕೆ ಮುಂದೂಡಿತು. ತುರ್ತು ನೆರವಿನ ಗುಂಡಿಗಳನ್ನು ದೂರವಾಣಿಗೆ ಜೋಡಿಸಿಕೊಂಡಿದ್ದ ವೃದ್ಧರು, ರೋಗಿಗಳ ಸುರಕ್ಷತೆ ಅದಕ್ಕೆ ಪ್ರಮುಖ ಕಾರಣ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ಕಾರ್ಯಾರಂಭ ಮಾಡಿದ್ದು 1986ರ ಜುಲೈನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆಯೂ ಕೆಲಸ ಮಾಡುವಂತೆ ರೂಪಿಸಿದ ಆ ಪುಟ್ಟ ಯಂತ್ರದ ಸಂತತಿ ದೇಶದ ಹಳ್ಳಿಪಟ್ಟಣಗಳಿಗೆ ಹರಡಿತು. ಅದೇ ಸಂಸ್ಥೆ ತನ್ನ ಹಳೆಯ ಮ್ಯಾಕ್ಸ್ ಮಾದರಿಯ ಕೇಂದ್ರಗಳನ್ನು ಐ.ಪಿ. ಜಾಲಕ್ಕೆ ಒಯ್ಯುವ ಮ್ಯಾಕ್ಸ್-ಎನ್‌ಜಿ ವ್ಯವಸ್ಥೆಯನ್ನು ಸಿದ್ಧಪಡಿಸಿತು, ಬಿ.ಎಸ್.ಎನ್.ಎಲ್. ಅದನ್ನು ಅಳವಡಿಸಿಕೊಂಡಿತು.

ವರ್ತಕರು ಕೇಳಬೇಕಾದ ಪ್ರಶ್ನೆಗಳು

ವಿನಿಮಯ ಕೇಂದ್ರದ ವಿನ್ಯಾಸ ಸೇವಾ ಕಂಪನಿಯ ಹೊಣೆ. ಆದರೆ ಅದೇ ತತ್ತ್ವಗಳು ಅಂಗಡಿ, ಕಾರ್ಖಾನೆಯ ಮಟ್ಟದಲ್ಲೂ ಅನ್ವಯಿಸುತ್ತವೆ. ಹಳೆಯ ಪಿ.ಆರ್.ಐ. ಸಂಪರ್ಕದಿಂದ ಐ.ಪಿ. ಸಂಪರ್ಕಕ್ಕೆ ಬದಲಾಗುವ ಮೊದಲು ಈ ಕೆಳಕಂಡ ಅಂಶಗಳನ್ನು ಲಿಖಿತವಾಗಿ ಕೇಳಿ ತಿಳಿಯುವುದು ಲೇಸು.

ಅ) ಸೇವಾ ಕಂಪನಿಯ ನಿಯಂತ್ರಣ ಕೇಂದ್ರಗಳು ಎಷ್ಟು, ಅವು ಯಾವ ಯಾವ ಊರುಗಳಲ್ಲಿವೆ? ಒಂದು ನಿಂತರೆ ಒಳಬರುವ ಕರೆಗಳು ತಾವಾಗಿಯೇ ಇನ್ನೊಂದಕ್ಕೆ ತಿರುಗುತ್ತವೆಯೇ?

ಆ) ಎರಡನೆಯ ಸಂಪರ್ಕದ ಕೇಬಲ್ ಮೊದಲನೆಯದರ ಕಾಲುವೆಯಲ್ಲೇ ಬರುತ್ತದೆಯೇ? ರಸ್ತೆ ಅಗೆಯುವ ಒಂದೇ ಯಂತ್ರ ಎರಡನ್ನೂ ಕಡಿಯುವಂತಿದ್ದರೆ ಎರಡನೆಯ ಬಾಡಿಗೆ ದಂಡ.

ಇ) ವಿದ್ಯುತ್ ಹೋದಾಗ ಏನಾಗುತ್ತದೆ? ಹಳೆಯ ಫೋನಿಗೆ ವಿನಿಮಯ ಕೇಂದ್ರದ 48 ವೋಲ್ಟ್ ಬ್ಯಾಟರಿಯಿಂದಲೇ ಶಕ್ತಿ ಬರುತ್ತಿತ್ತು. ಐ.ಪಿ. ಫೋನು, ರೂಟರ್ ಇವಕ್ಕೆ ಅಂಗಡಿಯ ವಿದ್ಯುತ್ತೇ ಆಧಾರ. ಯು.ಪಿ.ಎಸ್. ಪಟ್ಟಿಯಲ್ಲಿ ಇವು ಸೇರಿವೆಯೇ?

ಈ) ಸಂಪರ್ಕದ ಸಾಮರ್ಥ್ಯ ಸಾಕೇ? ಪಿ.ಆರ್.ಐ. ಸಂಪರ್ಕದಲ್ಲಿ ಏಕಕಾಲಕ್ಕೆ 30 ಕರೆಗಳಿಗೆ ಅವಕಾಶವಿತ್ತು. ಅದೇ ಗುಣಮಟ್ಟದ ಒಂದು ಐ.ಪಿ. ಕರೆಗೆ, ಶಿರೋಭಾಗದ ವೆಚ್ಚವೂ ಸೇರಿ, ಸೆಕೆಂಡಿಗೆ 80ರಿಂದ 90 ಕಿಲೋಬಿಟ್ ಬೇಕು. 30 ಕರೆಗಳಿಗೆ ಸುಮಾರು 2.6 ಮೆಗಾಬಿಟ್ ಧ್ವನಿಗೆಂದೇ ಮೀಸಲಾಗಿರಬೇಕು.

ಉ) ಫ್ಯಾಕ್ಸ್, ಕಳ್ಳರ ಎಚ್ಚರಿಕೆ ಗಂಟೆ, ಲಿಫ್ಟಿನ ತುರ್ತು ಫೋನು ಹಳೆಯ ತಂತಿಗೆ ಜೋಡಣೆಯಾಗಿವೆಯೇ? ಇವು ಐ.ಪಿ.ಯಲ್ಲಿ ನಡೆಯುತ್ತವೆ ಎಂಬುದನ್ನು ಊಹಿಸದೆ ಪರೀಕ್ಷಿಸಬೇಕು.

ಎಷ್ಟು ವೆಚ್ಚ ಸಮರ್ಥನೀಯ?

ಮೀಸಲು ವ್ಯವಸ್ಥೆ ಒಂದು ಬಗೆಯ ವಿಮೆ. ಅದಕ್ಕೂ ಮಿತಿ ಇರಬೇಕು. ಉದಾಹರಣೆಗೆ ಒಬ್ಬ ಸಗಟು ವ್ಯಾಪಾರಿಗೆ ದಿನದ 8 ಗಂಟೆಗಳಲ್ಲಿ ಫೋನಿನ ಮೂಲಕ ಬರುವ ಬೇಡಿಕೆಗಳಿಂದ ರೂ. 24,000 ಒಟ್ಟು ಲಾಭಾಂಶ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ ರೂ. 3,000. ನಾಲ್ಕು ವರ್ಷಕ್ಕೊಮ್ಮೆ ಎರಡು ಕೆಲಸದ ದಿನಗಳ ನಿಲುಗಡೆ ಸಂಭವಿಸಿದರೆ ರೂ. 48,000ದ ವ್ಯವಹಾರ ತಪ್ಪುತ್ತದೆ. ಆದರೆ ಇದರಲ್ಲಿ ಅರ್ಧ ಬೇಡಿಕೆಗಳು ಮೂರನೆಯ ದಿನ ಮರಳಿ ಬರಬಹುದು. ಹಾಗಾಗಿ ನಿಜವಾದ ನಷ್ಟ ರೂ. 24,000, ವರ್ಷಕ್ಕೆ ಹಂಚಿದರೆ ರೂ. 6,000. ವರ್ಷಕ್ಕೆ ಅಷ್ಟರೊಳಗಿನ ವೆಚ್ಚದಲ್ಲಿ ಎರಡನೆಯ ಹಾದಿ ದೊರೆತರೆ ಅದು ನಿಸ್ಸಂಶಯವಾಗಿ ಲಾಭದಾಯಕ. ಒಮ್ಮೆ ಫೋನು ಸಿಗದೆ ಪ್ರತಿಸ್ಪರ್ಧಿಯ ಬಳಿ ಹೋದ ಗ್ರಾಹಕ ಅಲ್ಲೇ ಉಳಿಯುವ ವ್ಯಾಪಾರಗಳಲ್ಲಿ ಮಿತಿಯನ್ನು ಇನ್ನಷ್ಟು ಏರಿಸಬಹುದು.

ತೆರಿಗೆಯ ದೃಷ್ಟಿಯಿಂದ ಒಂದು ಮಾತು. ಸ್ವಂತ ಇ.ಪಿ.ಎ.ಬಿ.ಎಕ್ಸ್. ಉಪಕರಣವನ್ನು ಗಣಕಯಂತ್ರವೆಂದು ಪರಿಗಣಿಸಿ ಹೆಚ್ಚಿನ ದರದ ಸವಕಳಿ ಪಡೆಯಲಾಗದೆಂದು, 1961ರ ಆದಾಯ ತೆರಿಗೆ ಕಾಯಿದೆಯಡಿ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ಕೇರಳ ಉಚ್ಚ ನ್ಯಾಯಾಲಯ ನೀಡಿದ ತೀರ್ಪು 2011ರಲ್ಲಿ ವರದಿಯಾಗಿದೆ. ಉಪಕರಣ ಕೊಳ್ಳದೆ ಸೇವಾ ಕಂಪನಿಯ ಕೇಂದ್ರದಲ್ಲೇ ನಡೆಯುವ ವ್ಯವಸ್ಥೆಗೆ ಮಾಸಿಕ ಬಾಡಿಗೆ ತೆತ್ತರೆ ಅದು ಸಾಮಾನ್ಯವಾಗಿ ಆಯಾ ವರ್ಷದ ಕಂದಾಯ ವೆಚ್ಚವಾಗುತ್ತದೆ. ಹೋಲಿಕೆ ಮಾಡುವಾಗ ಈ ವ್ಯತ್ಯಾಸವನ್ನೂ ಎಣಿಸಬೇಕು.

ಒಟ್ಟಾರೆ ಹೇಳುವುದಾದರೆ, ಐ.ಪಿ. ತಂತ್ರಜ್ಞಾನ ಎರಡು ಊರುಗಳ ಭದ್ರತೆಯನ್ನು ಸಾಧ್ಯವಾಗಿಸಿದೆ; ತಾನಾಗಿಯೇ ಒದಗಿಸಿಲ್ಲ. ಹಳೆಯ ಸಂಪರ್ಕವನ್ನು ರದ್ದುಪಡಿಸುವ ಅರ್ಜಿಗೆ ಸಹಿ ಹಾಕುವ ಮುನ್ನ ಒಂದು ಭಾನುವಾರ ಬೆಳಿಗ್ಗೆ ಮುಖ್ಯ ಸಂಪರ್ಕದ ತಂತಿಯನ್ನು ಕಿತ್ತು, ಹೊರಗಿನಿಂದ ಅಂಗಡಿಯ ಸಂಖ್ಯೆಗೆ ಕರೆ ಮಾಡಿ ನೋಡುವುದು ಯಾವ ವೆಚ್ಚವೂ ಇಲ್ಲದ ಪರೀಕ್ಷೆ. ಗಂಟೆ ಬಾರಿಸಿದರೆ ಸಹಿ ಹಾಕಬಹುದು. ಬಾರಿಸದಿದ್ದರೆ, ಆ ಸತ್ಯ ಭಾನುವಾರವೇ ತಿಳಿದದ್ದು ಲಾಭವೆಂದು ಭಾವಿಸಿ, ಸೇವಾ ಕಂಪನಿಯೊಂದಿಗೆ ಸೋಮವಾರ ಮಾತು ಮುಂದುವರಿಸಬಹುದು.